ಅಂಗೈಯಗಲದ ತೈಲಚಿತ್ರಗಳು: ತಯಾರಿಕೆ, ಬೆಲೆ ಮತ್ತು ಮಾರಾಟ

ತೈಲಚಿತ್ರವೆಂದೊಡನೆ ಅರಮನೆಯ ದರ್ಬಾರು ಸಭಾಂಗಣ, ಆಳೆತ್ತರದ ಭಾವಚಿತ್ರ, ಚಿನ್ನದ ಬಣ್ಣದ ಭಾರಿ ಚೌಕಟ್ಟು, ಇವೇ ಹೆಚ್ಚಿನವರ ನೆನಪಿಗೆ ಬರುತ್ತವೆ. ಆರು ಅಂಗುಲ ಅಗಲ, ಎಂಟು ಅಂಗುಲ ಎತ್ತರದ ಹಲಗೆಯ ಮೇಲೆ ಬರೆದ ಎರಡು ಟೊಮೆಟೊ, ಹಿತ್ತಾಳೆಯ ಲೋಟ ಅಥವಾ ಮನೆಯ ನಾಯಿಯ ಮುಖ ಕೂಡ ನಿಯತವಾಗಿ ಮಾರಾಟವಾಗುವ ಸರಕಾಗಬಲ್ಲದೆಂಬುದು ನಮ್ಮ ವರ್ತಕರ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಚೌಕಟ್ಟು ತಯಾರಕರು, ಲೇಖನ ಸಾಮಗ್ರಿ ವ್ಯಾಪಾರಿಗಳು, ಉಡುಗೊರೆ ಅಂಗಡಿಗಳವರು, ಪ್ಲೈವುಡ್ ಮಾರಾಟಗಾರರು ಎಲ್ಲರಿಗೂ ಇದರಲ್ಲಿ ಪಾಲುಂಟು. ಕಲಾಶಾಲೆಗಳಿಂದ ಪ್ರತಿವರ್ಷ ಹೊರಬರುವ ಯುವಕ ಯುವತಿಯರಿಗಂತೂ ಇದು ಸಣ್ಣ ಬಂಡವಾಳದಲ್ಲಿ ಆರಂಭಿಸಬಹುದಾದ ಸ್ವಂತ ಉದ್ಯೋಗ. ಆದರೆ ಕೈಯಲ್ಲಿ ಕಲೆಯಿದ್ದೂ ಎರಡು ವರ್ಷದೊಳಗೆ ಇದನ್ನು ಕೈಬಿಡುವವರು ಸಾಮಾನ್ಯವಾಗಿ ಎಡವುವುದು ಕುಂಚ ಕೆಳಗಿಟ್ಟ ನಂತರದ ಕೆಲಸಗಳಲ್ಲಿ: ಒಣಗಿಸುವುದರಲ್ಲಿ, ಬೆಲೆ ಕಟ್ಟುವುದರಲ್ಲಿ, ಕರಾರು ಮಾಡಿಕೊಳ್ಳುವುದರಲ್ಲಿ.

ಹಾಲೆಂಡಿನ ಸಂತೆಯಿಂದ

ಈ ವ್ಯಾಪಾರ ಹೊಸದೇನಲ್ಲ. 1641ರ ಆಗಸ್ಟ್ ತಿಂಗಳಲ್ಲಿ ರಾಟರ್‌ಡ್ಯಾಮ್ ನಗರದ ವಾರ್ಷಿಕ ಜಾತ್ರೆಗೆ ಹೋಗಿದ್ದ ಇಂಗ್ಲೆಂಡಿನ ಜಾನ್ ಎವೆಲಿನ್, ಅಲ್ಲಿ ಚಿತ್ರಗಳು ರಾಶಿರಾಶಿಯಾಗಿ ಮಾರಾಟಕ್ಕಿದ್ದುದನ್ನೂ ಸಾಮಾನ್ಯ ರೈತರು ಸಹ ಅವುಗಳ ಮೇಲೆ ಹಣ ಹೂಡುತ್ತಿದ್ದುದನ್ನೂ ಕಂಡು ಬೆರಗಾಗಿ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಕೊಳ್ಳುವವರು ದೊರೆಗಳಲ್ಲದಿದ್ದಾಗ ಚಿತ್ರದ ಅಳತೆಯೂ ವಿಷಯವೂ ಬದಲಾಗುತ್ತವೆ. ಏಡ್ರಿಯನ್ ಕೂರ್ಟ 1697ರಲ್ಲಿ ಬರೆದ, ಈಗ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿರುವ ಚಿತ್ರದಲ್ಲಿರುವುದು ಒಂದು ಕಟ್ಟು ಆಸ್ಪರಾಗಸ್ ತರಕಾರಿ ಮಾತ್ರ. ಅದರ ಎತ್ತರ ಕೇವಲ 25 ಸೆಂಟಿಮೀಟರ್. ಬರೆದಿರುವುದು ಹಲಗೆಗೆ ಅಂಟಿಸಿದ ಕಾಗದದ ಮೇಲೆ. ಸಾಕುಪ್ರಾಣಿಯ ಚಿತ್ರಕ್ಕೆ ಕರೆಲ್ ಫ್ಯಾಬ್ರಿಷಿಯಸ್ 1654ರಲ್ಲಿ ಬರೆದ ‘ಗೋಲ್ಡ್‌ಫಿಂಚ್’ಗಿಂತ ಉತ್ತಮ ಉದಾಹರಣೆ ಸಿಗಲಾರದು. ತೆಳುವಾದ ಸರಪಳಿಯಿಂದ ಕಾಳಿನ ಡಬ್ಬಿಗೆ ಕಟ್ಟಿದ ಸಾಕುಹಕ್ಕಿಯೊಂದು ಅದರಲ್ಲಿದೆ. ಹೇಗ್ ನಗರದ ಮೌರಿಟ್ಸ್‌ಹೌಸ್‌ನಲ್ಲಿರುವ ಆ ಚಿತ್ರದ ಎತ್ತರ 34 ಸೆಂಟಿಮೀಟರನ್ನೂ ಮುಟ್ಟುವುದಿಲ್ಲ.

ಉದ್ಯಮಿಗಳು ಗಮನಿಸಬೇಕಾದ ಅಂಶ ಇನ್ನೊಂದಿದೆ. ಆ ಕಾಲದ ಕಲಾ ಮಾರುಕಟ್ಟೆಯನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ಜಾನ್ ಮೈಕೇಲ್ ಮಾಂಟಿಯಾಸ್ ಅವರು, ಡಚ್ ಕಲಾವಿದರು ಕೆಲಸದ ವಿಧಾನವನ್ನೇ ಬದಲಿಸಿ ಉತ್ಪಾದನಾ ವೆಚ್ಚವನ್ನು ಇಳಿಸಿದರೆಂದು ತೋರಿಸಿಕೊಟ್ಟರು. ಯಾನ್ ವಾನ್ ಗೋಯನ್ ಎಂಬ ನಿಸರ್ಗ ಚಿತ್ರಕಾರ ಕೆಲವೇ ಅಗ್ಗದ ಬಣ್ಣಗಳನ್ನು ಬಳಸಿ, ಹಸಿಯ ಮೇಲೆ ಹಸಿ ಬಳಿದು, ಬೇಗನೆ ಮುಗಿಸುತ್ತಿದ್ದ. ಹೀಗಾಗಿ ಅವನ ಚಿತ್ರಗಳು ಮಧ್ಯಮ ವರ್ಗದವರ ಕೈಗೆಟಕಿದವು. (ಅದೇ ವಾನ್ ಗೋಯನ್ ಟುಲಿಪ್ ಗೆಡ್ಡೆಗಳ ಸಟ್ಟಾ ವ್ಯವಹಾರಕ್ಕೆ ಕೈಹಾಕಿ ಸಾಲದಲ್ಲೇ ಸತ್ತನೆಂಬುದು ಬೇರೆ ಮಾತು.)

ನಮ್ಮ ಕಾಲದಲ್ಲಿ ಈ ಪದ್ಧತಿಗೆ ಮರುಜೀವ ಬಂದುದು ಅಮೆರಿಕದಲ್ಲಿ. ವರ್ಜೀನಿಯಾದ ಡ್ವೇನ್ ಕೈಸರ್ ಎಂಬ ಕಲಾವಿದರು 2004ರ ಡಿಸೆಂಬರ್‌ನಲ್ಲಿ ದಿನಕ್ಕೊಂದರಂತೆ ಅಂಚೆ ಕಾರ್ಡಿನ ಅಳತೆಯ ತೈಲಚಿತ್ರ ಬರೆಯಲಾರಂಭಿಸಿದರು. ಊಟದ ಮೇಜಿನ ಮೇಲೆ ಕಂಡ ಹಣ್ಣು, ಮೊಟ್ಟೆ, ಪಾತ್ರೆಗಳೇ ವಸ್ತು. ಮೊದಲು ತಲಾ 100 ಡಾಲರಿಗೆ ಮಾರಿ, ನಂತರ ಅಂತರಜಾಲದ ಹರಾಜಿಗೆ ಇಟ್ಟರು. ಅವರನ್ನು ನೋಡಿ ಅನೇಕರು ಇದೇ ದಾರಿ ಹಿಡಿದರು. ದಲ್ಲಾಳಿಯ ನೆರವಿಲ್ಲದೆ, ಪ್ರದರ್ಶನಾಲಯದ ಬಾಗಿಲು ಕಾಯದೆ, ಚಿತ್ರಕಾರನೇ ನೇರವಾಗಿ ಗಿರಾಕಿಗೆ ಮಾರುವ ಮಾರ್ಗ ಇದರಿಂದ ಗಟ್ಟಿಯಾಯಿತು.

ಹಲಗೆ, ಎಣ್ಣೆ ಮತ್ತು ಕಾಲಾವಕಾಶ

ಸಣ್ಣ ಚಿತ್ರಕ್ಕೆ ಬಟ್ಟೆಗಿಂತ ಹಲಗೆಯೇ ಅನುಕೂಲ. ಒಳ್ಳೆಯ ದರ್ಜೆಯ ಪ್ಲೈವುಡ್ಡನ್ನಾಗಲಿ ಎಂ.ಡಿ.ಎಫ್. ಹಲಗೆಯನ್ನಾಗಲಿ ಅಳತೆಗೆ ಕೊಯ್ಸಿ, ಉಪ್ಪುಕಾಗದದಲ್ಲಿ ಉಜ್ಜಿ, ಜೆಸ್ಸೊ ಎಂಬ ಬಿಳಿಯ ಅಸ್ತರನ್ನು ಎರಡು ಮೂರು ಸಲ ಬಳಿಯಬೇಕು. ಎಂ.ಡಿ.ಎಫ್. ಆದರೆ ಅಂಚುಗಳನ್ನೂ ಹಿಂಬದಿಯನ್ನೂ ಮುಚ್ಚಲೇಬೇಕು. ಇಲ್ಲವಾದರೆ ಕರಾವಳಿ ಮಲೆನಾಡುಗಳ ಮಳೆಗಾಲದಲ್ಲಿ ಅಂಚು ತೇವ ಹೀರಿ ಉಬ್ಬಿಕೊಳ್ಳುತ್ತದೆ. ಒಂದು ಪೂರ್ಣ ಹಲಗೆಯಿಂದ ಎಷ್ಟು ತುಂಡುಗಳು ಬರುತ್ತವೆಂದು ಲೆಕ್ಕ ಹಾಕಿ ಎರಡು ಅಥವಾ ಮೂರು ಅಳತೆಗಳಿಗೆ ಸೀಮಿತವಾಗುವುದು ಒಳಿತು. ಆಗ ಚೌಕಟ್ಟುಗಳನ್ನೂ ಪೆಟ್ಟಿಗೆಗಳನ್ನೂ ಒಟ್ಟಿಗೆ ಮಾಡಿಸಬಹುದು. ಒಂದೊಂದು ಚಿತ್ರಕ್ಕೂ ಒಂದೊಂದು ಅಳತೆ ಇಟ್ಟುಕೊಂಡವರು ಉಳಿದ ಲಾಭವನ್ನು ಬಡಗಿಗೆ ಒಪ್ಪಿಸುತ್ತಾರೆ.

ಬಣ್ಣದ ಟ್ಯೂಬುಗಳಲ್ಲಿ ವಿದ್ಯಾರ್ಥಿ ದರ್ಜೆ, ಕಲಾವಿದ ದರ್ಜೆ ಎಂದು ಎರಡು ಬಗೆ. ಕಲಾವಿದ ದರ್ಜೆಯದರಲ್ಲಿ ವರ್ಣದ್ರವ್ಯ ಹೆಚ್ಚು, ಬೆಲೆಯೂ ಹೆಚ್ಚು. ಸಣ್ಣ ಚಿತ್ರಕ್ಕೆ ತಗಲುವ ಬಣ್ಣ ಅತ್ಯಲ್ಪವಾದುದರಿಂದ ಇಲ್ಲಿ ಜಿಪುಣತನ ಮಾಡಬೇಕಾದ ಕಾರಣವಿಲ್ಲ. ಬಿಸಿಲಿಗೆ ಬಣ್ಣ ಎಷ್ಟು ಕಾಲ ಮಾಸದೆ ನಿಲ್ಲುವುದೆಂಬ ಗುರುತು ಟ್ಯೂಬಿನ ಮೇಲೆಯೇ ಇರುತ್ತದೆ. ಅದನ್ನು ಓದಿ ಕೊಳ್ಳಬೇಕು.

ತೈಲಬಣ್ಣವು ನೀರುಬಣ್ಣದಂತೆ ಆವಿಯಾಗಿ ಒಣಗುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿ ಪೊರೆಯಾಗುತ್ತದೆ. ಅಂಬರ್‌ನಂತಹ ಕಂದು ಬಣ್ಣಗಳು ಎರಡು ಮೂರು ದಿನಗಳಲ್ಲಿ ಮುಟ್ಟಲು ಬರುತ್ತವೆ. ಟೈಟಾನಿಯಂ ಬಿಳಿ, ಐವರಿ ಕಪ್ಪು ಮೊದಲಾದವುಗಳಿಗೆ ವಾರ ಮೀರಿಯೂ ಬೇಕಾಗಬಹುದು. ದಪ್ಪನಾಗಿ ಬಳಿದಿದ್ದರೆ ಇನ್ನೂ ಹೆಚ್ಚು. ಮೇಲಿನ ಪದರದಲ್ಲಿ ಕೆಳಗಿನದಕ್ಕಿಂತ ಎಣ್ಣೆಯ ಅಂಶ ಹೆಚ್ಚಿರಬೇಕೆಂಬ ಹಳೆಯ ನಿಯಮ ಇದರಿಂದಲೇ ಬಂದುದು. ಅದನ್ನು ಮೀರಿದರೆ ಮುಂದೆ ಬಿರುಕು ಖಂಡಿತ. ಒಂದೇ ಕೂರಿಕೆಯಲ್ಲಿ ಮುಗಿಸುವ ವಿಧಾನದಲ್ಲಿ ಈ ತೊಡಕು ಕಡಿಮೆ. ಬೇಗ ಒಣಗಬೇಕೆನ್ನುವವರಿಗೆ ಆಲ್ಕಿಡ್ ಮಿಶ್ರಣಗಳಿವೆ. ಸುಮಾರು ಒಂದು ದಿನದಲ್ಲಿ ಅವು ಕೈಗೆ ಅಂಟದಂತಾಗುತ್ತವೆ. ಸಾಂಪ್ರದಾಯಿಕ ವಾರ್ನಿಷ್ ಬಳಿಯಲು ಮಾತ್ರ ಆರು ತಿಂಗಳಿಂದ ಒಂದು ವರ್ಷ ಕಾಯಬೇಕೆಂಬುದು ವಾಡಿಕೆ.

ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಒಣಗುವ ಚಿತ್ರವೆಂದರೆ ತಡೆಹಿಡಿದ ದುಡಿಯುವ ಬಂಡವಾಳ. ತಿಂಗಳಿಗೆ ಇಪ್ಪತ್ತು ಚಿತ್ರ ಬರೆದು ಪ್ರತಿಯೊಂದನ್ನೂ ಮೂರು ವಾರ ಒಣಗಿಸುವವನ ಕೊಠಡಿಯಲ್ಲಿ ಯಾವಾಗಲೂ ಹದಿನೈದರಷ್ಟು ಹಸಿ ಚಿತ್ರಗಳಿರುತ್ತವೆ. ದೂಳು ಬೀಳದ ಕಪಾಟು ಬೇಕು, ಹಬ್ಬದ ಮಾರಾಟಕ್ಕೆ ಎರಡು ತಿಂಗಳು ಮೊದಲೇ ಕೆಲಸ ಮುಗಿದಿರಬೇಕು.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಅಗಸೆ ಎಣ್ಣೆ ಹೀರಿದ ಚಿಂದಿ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ಒಣಗುವಾಗ ಹುಟ್ಟುವ ಶಾಖ ಒಳಗೇ ಉಳಿದು, ಕಿಡಿಯಿಲ್ಲದೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅಂತಹ ಚಿಂದಿಯನ್ನು ನೀರು ತುಂಬಿದ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಹಾಕಬೇಕು. ಗೋದಾಮಿನ ಪಕ್ಕದಲ್ಲಿಯೋ ಮನೆಯ ಅಟ್ಟದಲ್ಲಿಯೋ ಕೆಲಸ ಮಾಡುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಟರ್ಪೆಂಟೈನ್ ಬಳಸುವ ಕೋಣೆಯಲ್ಲಿ ಗಾಳಿಯಾಡಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬೆಲೆ ಕಟ್ಟುವ ಬಗೆ

1880ರಲ್ಲಿ ಫ್ರಾನ್ಸಿನ ಎದುವಾರ್ ಮಾನೆ ಒಂದು ಕಟ್ಟು ಆಸ್ಪರಾಗಸ್ಸಿನ ಚಿತ್ರವನ್ನು ಚಾರ್ಲ್ಸ್ ಎಫ್ರುಸ್ಸಿ ಎಂಬ ಸಂಗ್ರಾಹಕರಿಗೆ 800 ಫ್ರಾಂಕಿಗೆ ಮಾರಿದರು. ಅವರು ಮೆಚ್ಚಿ 1000 ಫ್ರಾಂಕ್ ಕಳುಹಿಸಿದಾಗ, ಮಾನೆ ಒಂದೇ ಒಂದು ಕಡ್ಡಿಯ ಪುಟ್ಟ ಚಿತ್ರ ಬರೆದು, ನಿಮ್ಮ ಕಟ್ಟಿನಲ್ಲಿ ಇದೊಂದು ಕಡಿಮೆಯಾಗಿತ್ತು ಎಂಬ ಅರ್ಥದ ಚೀಟಿಯೊಡನೆ ಕಳುಹಿಸಿಕೊಟ್ಟರಂತೆ. ಅಂತಹ ಗಿರಾಕಿ ಎಲ್ಲರಿಗೂ ಸಿಗುವುದಿಲ್ಲ; ಆದುದರಿಂದ ಲೆಕ್ಕ ಬೇಕು.

ಹೆಚ್ಚಿನವರು ಬೆಲೆಯನ್ನು ಚದರ ಅಂಗುಲದ ಮೇಲೆ ನಿಗದಿಪಡಿಸುತ್ತಾರೆ. ಗಿರಾಕಿಗೆ ವಿವರಿಸಲು ಇದು ಸುಲಭ. ಆದರೆ ಸಣ್ಣ ಚಿತ್ರಕ್ಕೆ ಈ ಕ್ರಮ ಮೋಸ ಮಾಡುತ್ತದೆ. ಛಾಯಾಚಿತ್ರ ತೆಗೆಯುವುದು, ಗಿರಾಕಿಯೊಡನೆ ಮಾತು, ಪೊಟ್ಟಣ ಕಟ್ಟುವುದು, ಅಂಚೆ ಕಚೇರಿಗೆ ಹೋಗಿಬರುವುದು ಇವೆಲ್ಲ ದೊಡ್ಡ ಚಿತ್ರಕ್ಕೆ ಎಷ್ಟೋ ಸಣ್ಣದಕ್ಕೂ ಅಷ್ಟೇ. ಉದಾಹರಣೆಗೆ, ಹಲಗೆ, ಬಣ್ಣ, ವಾರ್ನಿಷ್ ಸೇರಿ 250 ರೂ., ಚೌಕಟ್ಟಿಗೆ 450 ರೂ., ಪೊಟ್ಟಣ ಮತ್ತು ಸಾಗಣೆಗೆ 200 ರೂ. ಎಂದಿಟ್ಟುಕೊಳ್ಳೋಣ, ಒಟ್ಟು 900 ರೂ. ಎಲ್ಲ ಕೆಲಸಕ್ಕೂ ಸೇರಿ ಐದು ಗಂಟೆ ಹಿಡಿದು, ಗಂಟೆಗೆ 300 ರೂ. ಕೂಲಿ ಹಾಕಿದರೆ 1,500 ರೂ. ಅಸಲು 2,400 ರೂ. ಆಯಿತು. ಬಣ್ಣದ ಪಾಲು ಇದರಲ್ಲಿ ಎಷ್ಟು ಕಿರಿದೆಂಬುದನ್ನು ಗಮನಿಸಬೇಕು.

ಈಗ ಅಂಗಡಿಯವರು ಮಾರಾಟದ ಬೆಲೆಯ ಮೇಲೆ ಶೇ. 30 ಕಮಿಷನ್ ಕೇಳುತ್ತಾರೆನ್ನೋಣ. ಅಸಲಿಗೆ ಶೇ. 30 ಸೇರಿಸಿ 3,120 ರೂ. ಎಂದು ಚೀಟಿ ಅಂಟಿಸುವುದು ಸಾಮಾನ್ಯ ರೂಢಿ. ಮಾರಾಟವಾದ ಮೇಲೆ ಕಮಿಷನ್ 936 ರೂ. ಕಳೆದರೆ ಕೈಗೆ ಬರುವುದು 2,184 ರೂ. ಮಾತ್ರ, ಪ್ರತಿ ಚಿತ್ರಕ್ಕೂ 216 ರೂ. ನಷ್ಟ! ಸರಿಯಾದ ಕ್ರಮವೆಂದರೆ 2,400ನ್ನು 0.70ರಿಂದ ಭಾಗಿಸುವುದು. ಆಗ ಬೆಲೆ ಸುಮಾರು 3,430 ರೂ. ಆಗುತ್ತದೆ, ಅದೂ ಲಾಭವಿಲ್ಲದೆ. ನೇರವಾಗಿ ಮಾರುವಾಗಲೂ ಇದೇ ಬೆಲೆಯನ್ನು ಉಳಿಸಿಕೊಳ್ಳಬೇಕು. ಅಂಗಡಿಯಲ್ಲಿ ಒಂದು ದರ, ಮನೆಬಾಗಿಲಲ್ಲಿ ಇನ್ನೊಂದು ದರ ಎಂದಾದರೆ ಆ ಅಂಗಡಿಯವರು ಮುಂದೆ ಚಿತ್ರ ಇಟ್ಟುಕೊಳ್ಳಲಾರರು.

ಸಾಕುಪ್ರಾಣಿಗಳ ಚಿತ್ರ

ಟೊಮೆಟೊ ಚಿತ್ರವನ್ನು ಒಬ್ಬರು ಒಲ್ಲೆನೆಂದರೆ ಇನ್ನೊಬ್ಬರು ಕೊಳ್ಳುತ್ತಾರೆ. ಒಬ್ಬರ ಮನೆಯ ನಾಯಿಯ ಚಿತ್ರವನ್ನು ಆ ಮನೆಯವರಲ್ಲದೆ ಬೇರಾರೂ ಕೊಳ್ಳುವುದಿಲ್ಲ. ಆದುದರಿಂದ ಇದು ಪೂರ್ಣವಾಗಿ ಬೇಡಿಕೆಯ ಮೇರೆಗೆ ಮಾಡುವ ಕೆಲಸ. ಅರ್ಧ ಹಣ ಮುಂಗಡ ಪಡೆಯುವುದು, ರೇಖಾಚಿತ್ರದ ಹಂತದಲ್ಲಿಯೇ ಒಪ್ಪಿಗೆ ಪಡೆಯುವುದು, ಎಷ್ಟು ತಿದ್ದುಪಡಿಗಳು ದರದಲ್ಲಿ ಸೇರಿವೆಯೆಂದು ಬರೆದುಕೊಡುವುದು ಇವುಗಳಲ್ಲಿ ಸಂಕೋಚ ಸಲ್ಲದು. ಕೇಳಿಬರುವವರಲ್ಲಿ ಅನೇಕರು ಆಗತಾನೆ ತಮ್ಮ ಪ್ರಾಣಿಯನ್ನು ಕಳೆದುಕೊಂಡವರಾಗಿರುತ್ತಾರೆ. ಅವರೊಡನೆ ಚೌಕಾಸಿಯ ಮಾತು ಕಷ್ಟ. ಮುದ್ರಿತ ದರಪಟ್ಟಿ ಇಬ್ಬರನ್ನೂ ಆ ಮುಜುಗರದಿಂದ ಪಾರುಮಾಡುತ್ತದೆ. ಹೇಳಿದ ದಿನಕ್ಕೆ ಚಿತ್ರ ಕೊಡದಿದ್ದರೆ ಅಂಥವರು ಬೇರೆ ಯಾವ ಗಿರಾಕಿಗಿಂತಲೂ ಹೆಚ್ಚು ನೊಂದುಕೊಳ್ಳುತ್ತಾರೆ.

ಹೋಲಿಕೆ ಬರುವುದು ಬಹುಮಟ್ಟಿಗೆ ಛಾಯಾಚಿತ್ರವನ್ನು ಅವಲಂಬಿಸಿದೆ. ಪ್ರಾಣಿಯ ಕಣ್ಣಿನ ಮಟ್ಟದಿಂದ, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆದ ನಾಲ್ಕಾರು ಚಿತ್ರಗಳನ್ನು ಕೇಳಿ ಪಡೆಯಬೇಕು. ನಿಂತುಕೊಂಡು ಮೇಲಿನಿಂದ ತೆಗೆದ ಚಿತ್ರದಲ್ಲಿ ತಲೆ ದೊಡ್ಡದಾಗಿ ಕಾಲು ಗಿಡ್ಡವಾಗುತ್ತದೆ. ಕಪ್ಪು ನಾಯಿಗೆ ಬರಿಯ ಕಪ್ಪು ಬಳಿದರೆ ಮಸಿಯ ಮುದ್ದೆಯಾದೀತು. ಕಡುನೀಲಿ ಮತ್ತು ಕಂದು ಬೆರೆಸಿದ ಕಪ್ಪಿನಲ್ಲಿ ರೋಮದ ಹೊಳಪು ನಿಲ್ಲುತ್ತದೆ, ಬೇಗ ಒಣಗುವ ಅನುಕೂಲವೂ ಇದೆ. ನಮ್ಮ ಮುಧೋಳ ನಾಯಿಯ ಒಡಲು ಸಹಜವಾಗಿಯೇ ಸಪೂರ. ತಳಿಯ ಪರಿಚಯವಿಲ್ಲದವರು ಅದನ್ನು ಹಸಿದ ನಾಯಿಯಂತೆ ಬರೆದು ಮಾಲೀಕರ ಕೋಪಕ್ಕೆ ಗುರಿಯಾದಾರು.

ಕೃತಿಸ್ವಾಮ್ಯದ ವಿಷಯ ಬಹಳ ಮಂದಿಗೆ ತಿಳಿದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಪಡೆದು ಒಬ್ಬರ ಕೋರಿಕೆಯ ಮೇರೆಗೆ ಬರೆದುಕೊಟ್ಟ ಚಿತ್ರದ ಕೃತಿಸ್ವಾಮ್ಯದ ಮೊದಲ ಒಡೆಯರು, ಬೇರೆ ಕರಾರು ಇಲ್ಲದಿದ್ದಲ್ಲಿ, ಬರೆಸಿದವರೇ. ಅಂದರೆ ಅದೇ ನಾಯಿಯ ಚಿತ್ರವನ್ನು ಕ್ಯಾಲೆಂಡರಿಗೋ ಶುಭಾಶಯ ಪತ್ರಕ್ಕೋ ಮುದ್ರಿಸಬೇಕೆಂದಿರುವ ಕಲಾವಿದರು ರಸೀದಿಯ ಜೊತೆಯಲ್ಲಿಯೇ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ತಾನಾಗಿ ಬರೆದು ಮಾರಿದ ಟೊಮೆಟೊ ಚಿತ್ರದ ಹಕ್ಕು ಕಲಾವಿದರಲ್ಲಿಯೇ ಉಳಿಯುತ್ತದೆ. ಗಿರಾಕಿ ತಂದುಕೊಟ್ಟ ಛಾಯಾಚಿತ್ರ ಸ್ಟುಡಿಯೋದವರದಾಗಿದ್ದರೆ ಅದರ ಹಕ್ಕು ಯಾರದೆಂಬುದನ್ನೂ ಕೇಳಿಕೊಳ್ಳಬೇಕು.

ತೆರಿಗೆ ಮತ್ತು ಸಾಗಣೆ

ಸಂಪೂರ್ಣವಾಗಿ ಕೈಯಿಂದಲೇ ಬರೆದ ಚಿತ್ರಗಳು ಸರಕು ಮತ್ತು ಸೇವಾ ತೆರಿಗೆಯ 9701 ಶೀರ್ಷಿಕೆಯಡಿ ಬರುತ್ತವೆ. 2025ರ ಸೆಪ್ಟೆಂಬರ್ 22ರಿಂದ ಇವುಗಳ ದರ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಮುದ್ರಿತ ಪ್ರತಿಗಳಾಗಲಿ, ಚಿತ್ರ ಬರೆದ ಪಿಂಗಾಣಿ ಲೋಟ, ಮರದ ಪೆಟ್ಟಿಗೆಗಳಾಗಲಿ ಈ ಶೀರ್ಷಿಕೆಯಲ್ಲಿ ಸೇರವು. ಚಿತ್ರಕ್ಕೆ ತಕ್ಕ ಸಾಧಾರಣ ಚೌಕಟ್ಟು ಚಿತ್ರದೊಡನೆಯೇ ಪರಿಗಣಿತವಾಗುತ್ತದೆ. ರಾಜ್ಯದೊಳಗೆ ಸರಕು ಮಾರುವವರಿಗೆ ವಾರ್ಷಿಕ 40 ಲಕ್ಷ ರೂ. ವಹಿವಾಟಿನವರೆಗೆ ನೋಂದಣಿ ಸಾಮಾನ್ಯವಾಗಿ ಬೇಕಿಲ್ಲ. ಹೊರರಾಜ್ಯಕ್ಕೆ ಕಳುಹಿಸುವಾಗ ಮತ್ತು ಅಂತರಜಾಲ ಮಳಿಗೆಗಳ ಮೂಲಕ ಮಾರುವಾಗ ನಿಯಮಗಳು ಬೇರೆ; ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದುವರಿಯುವುದು ಕ್ಷೇಮ.

ಮೊದಲ ಮಾರಾಟಕ್ಕೆ ಕರ್ನಾಟಕ ಚಿತ್ರಕಲಾ ಪರಿಷತ್ತು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ವಾರ್ಷಿಕ ಚಿತ್ರಸಂತೆ ಒಳ್ಳೆಯ ಪರೀಕ್ಷಾಸ್ಥಳ. ನಡೆದುಕೊಂಡು ಬರುವ ಜನ ಕೈಯಲ್ಲಿ ಹಿಡಿದು ಒಯ್ಯಬಹುದಾದುದನ್ನು ಸುಲಭವಾಗಿ ಕೊಳ್ಳುತ್ತಾರೆ. ಸಣ್ಣ ಚಿತ್ರದ ಅನುಕೂಲ ಅಲ್ಲಿ ತಾನಾಗಿ ಕಾಣುತ್ತದೆ. ಪಶುವೈದ್ಯರ ಚಿಕಿತ್ಸಾಲಯ, ಸಾಕುಪ್ರಾಣಿಗಳ ಆಹಾರ ಮಾರುವ ಅಂಗಡಿಗಳಲ್ಲಿ ಒಂದು ಮಾದರಿ ಚಿತ್ರವನ್ನೂ ದರಪಟ್ಟಿಯನ್ನೂ ಇಡುವುದು ಅಗ್ಗದ ಜಾಹೀರಾತು.

ಸಾಗಣೆಯಲ್ಲಿ ಆಗುವ ಹಾನಿ ಹೆಚ್ಚಾಗಿ ಪೊಟ್ಟಣದ ಒಳಗೇ ಆಗುವಂಥದು. ಗಾಳಿಗುಳ್ಳೆಗಳ ಪ್ಲಾಸ್ಟಿಕ್ ಹಾಳೆಯನ್ನು ನೇರವಾಗಿ ಬಣ್ಣಕ್ಕೆ ತಗುಲಿಸಿ ಸುತ್ತಿದರೆ ಬೇಸಿಗೆಯ ಲಾರಿಯೊಳಗಿನ ಕಾವಿಗೆ ಗುಳ್ಳೆಗಳ ಅಚ್ಚು ಚಿತ್ರದ ಮೇಲೆ ಮೂಡುತ್ತದೆ. ಮೊದಲು ಗ್ಲಾಸಿನ್ ಕಾಗದ, ಅದರ ಮೇಲೆ ಗಟ್ಟಿ ರಟ್ಟು, ನಾಲ್ಕು ಮೂಲೆಗೆ ರಟ್ಟಿನ ತೊಡಿಗೆ, ಆಮೇಲೆ ಗುಳ್ಳೆಹಾಳೆ ಸುತ್ತಿ ಪೆಟ್ಟಿಗೆಗೆ ಇಳಿಸಬೇಕು. ತೈಲಚಿತ್ರಕ್ಕೆ ಗಾಜು ಬೇಕಿಲ್ಲವಾದುದರಿಂದ ಒಡೆಯುವ ಭಯವೂ ಇಲ್ಲ, ತೂಕವೂ ಕಡಿಮೆ. ಬರೆದ ದಿನಾಂಕ, ಬಳಸಿದ ಹಲಗೆ, ವಾರ್ನಿಷ್ ಆಗಿದೆಯೇ ಇಲ್ಲವೇ ಎಂಬ ವಿವರಗಳ ಚೀಟಿಯನ್ನು ಹಿಂಬದಿಗೆ ಅಂಟಿಸಿ ಕಳುಹಿಸಿದರೆ, ವರ್ಷ ಕಳೆದ ಮೇಲೆ ವಾರ್ನಿಷ್ ಮಾಡಿಸಿಕೊಳ್ಳಲು ಗಿರಾಕಿ ಅದೇ ವಿಳಾಸಕ್ಕೆ ಮರಳಿ ಬರುತ್ತಾರೆ.