ಸಾರಥಿ ಕೇಳುವ ಮೊದಲ ಪ್ರಶ್ನೆ

ಊರ ಮುಂದಿನ ಬಯಲಲ್ಲಿ ಅಟ್ಟ ಕಟ್ಟಿದೆ. ಗಣಪತಿ ಸ್ತುತಿ, ಶಾರದೆಯ ಪೂಜೆ ಮುಗಿದಿವೆ. ಇಬ್ಬರು ಪರದೆ ಹಿಡಿದು ನಿಂತಿದ್ದಾರೆ. ಅದರ ಮೇಲೆ ಕಿರೀಟದ ತುದಿಯಷ್ಟೇ ಕಾಣುತ್ತದೆ, ಕೆಳಗೆ ಗೆಜ್ಜೆಯ ಸದ್ದು. ಮದ್ದಳೆ ಏರುತ್ತಿದ್ದಂತೆ ಪರದೆ ಸರಿದು ದುರ್ಯೋಧನ ಅಟ್ಟ ನಡುಗುವಂತೆ ಕುಣಿದು ನಿಲ್ಲುತ್ತಾನೆ. ಆಗ ಆಟ ನಡೆಸಿಕೊಡುವ ಸಾರಥಿ ಹತ್ತಿರ ಹೋಗಿ ವಿನಯದಿಂದ ವಿಚಾರಿಸುತ್ತಾನೆ: ತಾವು ಯಾರು, ತಮ್ಮ ಪಟ್ಟಣ ಯಾವುದು, ಈ ಸಭೆಗೆ ಬಂದ ಕಾರಣವೇನು? ಎಂಥ ಚಕ್ರವರ್ತಿಯಾದರೂ ಇದಕ್ಕೆ ಉತ್ತರ ಹೇಳಲೇಬೇಕು. ಹೇಳಿದ ಮೇಲೆಯೇ ಕತೆ ಮುಂದಕ್ಕೆ ಹೋಗುವುದು.

ದೊಡ್ಡಾಟವೆಂಬ ಬಯಲಾಟದ ಈ ಪದ್ಧತಿ ನೋಡಿದಾಗಲೆಲ್ಲ ನನಗೆ ಕೋರ್ಟಿನ ಕಟಕಟೆ ನೆನಪಾಗುತ್ತದೆ. ಅಲ್ಲಿಯೂ ಮೊದಲು ಕೇಳುವುದು ಹೆಸರು, ತಂದೆಯ ಹೆಸರು, ವಯಸ್ಸು, ಕಸುಬು, ಊರು. ಗೌಡನಿಗೂ ಕೂಲಿಯವನಿಗೂ ಅದೇ ಪ್ರಶ್ನೆ. ಕಟಕಟೆ ಮತ್ತು ಅಟ್ಟ ಎರಡನ್ನೂ ಬಲ್ಲವರೊಬ್ಬರು ಹೂವಿನಹಡಗಲಿಯಲ್ಲಿದ್ದರು. ವಕೀಲರು, ನಟರು, ಮುಂದೆ ರಾಜ್ಯದ ಉಪಮುಖ್ಯಮಂತ್ರಿಯೂ ಆದ ಎಂ.ಪಿ. ಪ್ರಕಾಶ್. ಅವರು ಕಟ್ಟಿದ ರಂಗಸಂಸ್ಥೆಯ ಹೆಸರು ರಂಗಭಾರತಿ.

ಪ್ರಕಾಶ್ ಹುಟ್ಟಿದ್ದು 1940ರ ಜುಲೈ 11ರಂದು, ನಾರಾಯಣದೇವರಕೆರೆಯಲ್ಲಿ. ತುಂಗಭದ್ರಾ ಅಣೆಕಟ್ಟಿನ ಹಿನ್ನೀರು ನುಂಗಿದ ಊರುಗಳಲ್ಲಿ ಅದೂ ಒಂದು. 1953ರಲ್ಲಿ ಜಲಾಶಯ ತುಂಬತೊಡಗಿದಾಗ ಅವರಿಗೆ ಹದಿಮೂರರ ವಯಸ್ಸು. ಮನೆ, ಗುಡಿ, ಹೊಲ ಎಲ್ಲ ಬಿಟ್ಟು ಜನ ಗಂಟುಮೂಟೆ ಕಟ್ಟಿದರು. ಕೆಳಗಿನ ಸೀಮೆಗೆ ಬೆಳಕು, ಬೆಳೆ ಬಂತು. ಹಿನ್ನೀರಿನ ದಂಡೆಯವರಿಗೆ ಊರೇ ನೆನಪಾಗಿ ಉಳಿಯಿತು. ನಿನ್ನ ಊರು ಯಾವುದೆಂಬ ಸಾರಥಿಯ ಪ್ರಶ್ನೆಗೆ ನೀರಿನ ಕಡೆ ಕೈ ತೋರಿಸಬೇಕಾದ ತಲೆಮಾರು ಅದು. ಹಾಗೆ ಚದುರಿದವರು ಮತ್ತೆ ಒಟ್ಟಿಗೆ ಕೂರಲು ಒಂದು ಜಾಗ ಬೇಕು. ಈ ಸೀಮೆಯಲ್ಲಿ ಅಂಥ ಜಾಗಕ್ಕೆ ಆಟದ ಬಯಲು ಎನ್ನುತ್ತಾರೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಹಳ್ಳಿಗಳಲ್ಲಿ ‘ಇವತ್ತು ರಾತ್ರಿ ಆಟ ಐತಿ’ ಎಂದರೆ ಬಯಲಾಟವೆಂದೇ ಅರ್ಥ. ಅದರ ಅಭ್ಯಾಸಕ್ಕೆ ತಾಲೀಮು ಎನ್ನುತ್ತಾರೆ. ಗರಡಿಯಲ್ಲಿ ಪೈಲ್ವಾನರು ಮೈ ಹುರಿ ಮಾಡುವುದಕ್ಕೂ ಅದೇ ಹೆಸರು. ಮಾತು ಸುಮ್ಮನೆ ಒಂದಾಗಿಲ್ಲ. ಸೇರುಗಟ್ಟಲೆ ತೂಕದ ವೇಷ ಹೊತ್ತು, ಕಾಲಿಗೆ ಗೆಜ್ಜೆ ಕಟ್ಟಿ, ರಾತ್ರಿ ಹತ್ತರಿಂದ ಬೆಳಗಿನವರೆಗೆ ಕುಣಿಯುವುದಕ್ಕೆ ಕುಸ್ತಿಯವನ ದಮ್ಮೇ ಬೇಕು. ಸುಗ್ಗಿ ಮುಗಿದ ಮೇಲೆ ಊರವರು ಆಟ ಕಲಿಸುವ ಮಾಸ್ತರರಿಗೆ ವೀಳ್ಯ ಕೊಟ್ಟು ಕರೆತರುತ್ತಾರೆ. ಹಗಲೆಲ್ಲ ದುಡಿದ ಒಕ್ಕಲಿಗ, ಕುರುಬ, ಬಡಿಗ, ಕೂಲಿಯವ ರಾತ್ರಿ ಬಂದು ಪದ, ಮಾತು, ಹೆಜ್ಜೆ ಕಲಿಯುತ್ತಾರೆ. ಓದು ಬಾರದವನು ತಾಸುಗಟ್ಟಲೆ ಮಾತನ್ನು ಕಿವಿಯಿಂದಲೇ ಬಾಯಿಪಾಠ ಮಾಡುತ್ತಾನೆ.

ಕಿರೀಟವನ್ನು ಹತ್ತಿರದಿಂದ ನೋಡಿ. ಒಳಗೆ ಹಗುರ ಮರದ ಅಚ್ಚು, ಮೇಲೆ ಬಂಗಾರದ ಬಣ್ಣದ ಬೇಗಡೆ, ನಡುನಡುವೆ ಕನ್ನಡಿಯ ಚೂರು, ಮಣಿಸರ. ಭುಜಕೀರ್ತಿ, ಎದೆಹಾರ ಎಲ್ಲ ಹೀಗೆಯೇ. ಹಗಲಲ್ಲಿ ಕೈಗೆತ್ತಿಕೊಂಡರೆ ಬೇಗಡೆ ಸುಲಿದದ್ದು, ಬೆವರಿನ ಕಲೆ ಕಾಣುತ್ತದೆ. ರಾತ್ರಿಯ ದೀಪದಲ್ಲಿ ತೊಟ್ಟವನ ಮೇಲೆ ಅದೇ ಕಿರೀಟ ಹಸ್ತಿನಾವತಿಯನ್ನು ತಂದು ನಿಲ್ಲಿಸುತ್ತದೆ.

ಇಂಥ ನೆಲದಲ್ಲಿ ಪ್ರಕಾಶ್ ಕಾನೂನು ಓದಿ, ಹಡಗಲಿಯಲ್ಲಿ ವಕೀಲಿಕೆಗೆ ನಿಂತರು. ವಕೀಲರು ಬಣ್ಣ ಹಚ್ಚುವುದು ಬಳ್ಳಾರಿ ಸೀಮೆಗೆ ಹೊಸದಾಗಿರಲಿಲ್ಲ. ಕೋರ್ಟಿನಲ್ಲಿ ಹೆಸರು ಮಾಡಿದ ಬಳ್ಳಾರಿ ರಾಘವರು (1880–1946) ರಂಗದ ಮೇಲೂ ಅಷ್ಟೇ ದೊಡ್ಡವರಾಗಿದ್ದರು. ಆ ಪರಂಪರೆಯನ್ನು ಪ್ರಕಾಶ್ ತಾಲ್ಲೂಕು ಕೇಂದ್ರದಂಥ ಸಣ್ಣ ಊರಿಗೆ ತಂದರು. ಮಲ್ಲಿಗೆಗೆ, ಮೈಲಾರದ ಕಾರ್ಣಿಕಕ್ಕೆ ಹೆಸರಾದ ಹಡಗಲಿ ನಾಟಕಕ್ಕೂ ಹೆಸರಾದದ್ದು ರಂಗಭಾರತಿಯಿಂದ. ರಾಜಧಾನಿಯಿಂದ ಇಷ್ಟು ದೂರದ ಊರಲ್ಲೂ ಗಂಭೀರ ರಂಗಭೂಮಿ ಬೇರು ಬಿಡಬಲ್ಲದು ಎಂಬ ನಂಬಿಕೆ ಅದರ ಬೆನ್ನಿಗಿತ್ತು. ನಾಟಕವೆಂದರೆ ಬೆಂಗಳೂರು, ಮೈಸೂರು, ಧಾರವಾಡ ಎಂದುಕೊಂಡಿದ್ದ ಕಾಲದಲ್ಲಿ ಈ ನಂಬಿಕೆಯೇ ದೊಡ್ಡ ಕೆಲಸ.

ಸಮಾಜವಾದಿ ಚಿಂತನೆಯಲ್ಲಿ ಬೆಳೆದ ಪ್ರಕಾಶ್ 1983ರಲ್ಲಿ ಜನತಾ ಪಕ್ಷದಿಂದ ಹಡಗಲಿಯ ಶಾಸಕರಾದರು. ರಾಮಕೃಷ್ಣ ಹೆಗಡೆಯವರ ಕಾಲದಿಂದ ಹಲವು ಸರ್ಕಾರಗಳಲ್ಲಿ ಮಂತ್ರಿಯಾದರು. 2005ರಲ್ಲಿ ಧರ್ಮಸಿಂಗ್ ಸಂಪುಟದಲ್ಲಿ ಉಪಮುಖ್ಯಮಂತ್ರಿ, ಆಮೇಲೆ ಕುಮಾರಸ್ವಾಮಿ ಸರ್ಕಾರದಲ್ಲಿ ಗೃಹಮಂತ್ರಿ. ಖಾತೆಗಳ ಪಟ್ಟಿಗಿಂತ ಜನ ಇಂದಿಗೂ ಅವರ ಹೆಸರಿನೊಡನೆ ಸೇರಿಸಿ ಹೇಳುವುದು ಹಂಪಿ ಉತ್ಸವವನ್ನು. ಪಾಳುಬಿದ್ದ ಕಲ್ಲುಗಳ ನಡುವೆ ಮತ್ತೆ ಹಾಡು, ಕುಣಿತ, ಜನಜಂಗುಳಿ ಬರಬೇಕೆಂದು ಹಂಬಲಿಸಿದವರು ಅವರು. ನಮ್ಮೂರಿನ ಆಟಗಾರನೂ ನಾಡಿನ ದೊಡ್ಡ ಕಲಾವಿದನೂ ಒಂದೇ ಊರಹಬ್ಬದಲ್ಲಿ ಕೂಡಬೇಕೆಂಬುದು ಬಯಲಾಟದ ಸೀಮೆಯವರಿಗೆ ಸಹಜವಾಗಿ ಬರುವ ಆಲೋಚನೆ.

ಮನೆಯವರೂ ಇದೇ ಜನರ ನಡುವೆ ಉಳಿದರು. ಮಗ ಎಂ.ಪಿ. ರವೀಂದ್ರ 2013ರಲ್ಲಿ ಹರಪನಹಳ್ಳಿಯ ಶಾಸಕರಾದರು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ದ ಆ ತಾಲ್ಲೂಕಿಗೆ ಸಂವಿಧಾನದ 371-ಜೆ ವಿಧಿಯ ವಿಶೇಷ ಸೌಲಭ್ಯ ಸಿಗಬೇಕೆಂದು ದನಿ ಎತ್ತಿ, 2018ರಲ್ಲಿ ತೀರಿಕೊಂಡರು. ಮಗಳು ಲತಾ ಮಲ್ಲಿಕಾರ್ಜುನ 2023ರಲ್ಲಿ ಅದೇ ಕ್ಷೇತ್ರದಿಂದ ಗೆದ್ದರು. ಹರಪನಹಳ್ಳಿ ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆಯ ಜೊತೆಗೆ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಮೇಲೆ ಹೇಳಿದ ಐದೂ ತಾಲ್ಲೂಕುಗಳು ಒಂದೇ ಸೂರಿನಡಿ ಸೇರಿದವು. ಅದನ್ನು ನೋಡಲು ಪ್ರಕಾಶ್ ಇರಲಿಲ್ಲ. 2011ರ ಫೆಬ್ರುವರಿ 9ರಂದು ಅವರು ಕಣ್ಮುಚ್ಚಿದ್ದರು.

ಇಂದು ಮೊಬೈಲಿನ ಕಾಲ. ರಾತ್ರಿಯಿಡೀ ಕೂರುವ ಪ್ರೇಕ್ಷಕ, ತಿಂಗಳುಗಟ್ಟಲೆ ತಾಲೀಮಿಗೆ ಬರುವ ಹುಡುಗ, ಕಲಿಸುವ ಮಾಸ್ತರ ಮೂವರೂ ಅಪರೂಪವಾಗುತ್ತಿದ್ದಾರೆ. ಇವರನ್ನು ಉಳಿಸಿಕೊಳ್ಳುವುದೇ ಪ್ರಕಾಶರಂಥವರಿಗೆ ನಾವು ಸಲ್ಲಿಸಬಹುದಾದ ಸರಿಯಾದ ನೆನಪು. ಪ್ರತಿಮೆಗೆ ಹಾರ ಹಾಕುವುದು ಒಂದು ಗಳಿಗೆಯ ಕೆಲಸ. ಊರಿನ ಹತ್ತು ಹುಡುಗರಿಗೆ ಒಂದು ಪ್ರಸಂಗ ಕಲಿಸಲು ಮೂರು ತಿಂಗಳು ಬೇಕು, ಮಾಸ್ತರರ ಊಟ, ಸಂಭಾವನೆ ನೋಡಿಕೊಳ್ಳಬೇಕು, ಹಳೆಯ ಕಿರೀಟಕ್ಕೆ ಹೊಸ ಬೇಗಡೆ ಹಚ್ಚಬೇಕು. ಆ ಮೂರು ತಿಂಗಳು ಕೊಡುವ ಮನಸ್ಸು ನಮಗಿರಲಿ.

ಮೂಡಣ ಕೆಂಪಾಗುವ ಹೊತ್ತಿಗೆ ಮಂಗಳ ಹಾಡುತ್ತಾರೆ. ದುರ್ಯೋಧನ ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಾನೆ. ಕಿರೀಟ ಬಟ್ಟೆಯಲ್ಲಿ ಸುತ್ತಿಸಿಕೊಂಡು ಪೆಟ್ಟಿಗೆ ಸೇರುತ್ತದೆ, ಮುಂದಿನ ವರ್ಷ ಇನ್ನೊಬ್ಬರ ತಲೆಗೆ ಏರಲು. ಅಧಿಕಾರದ ಕಿರೀಟವನ್ನು ಹಲವು ಸಲ ತೊಟ್ಟು ಇಳಿಸಿದ ಪ್ರಕಾಶರಿಗೆ ಈ ಪಾಠ ಆಟವೇ ಕಲಿಸಿತ್ತು ಎಂದು ನನ್ನ ನಂಬಿಕೆ. ಕಿರೀಟ ಇಳಿಸಿದ ಮೇಲೂ ತಾವು ಯಾರು, ಯಾವ ಊರಿನವರು ಎಂದು ಸಾರಥಿ ಕೇಳಿದರೆ ಅವರ ಬಳಿ ಉತ್ತರವಿತ್ತು: ಹಡಗಲಿ.