ದೊಡ್ಡಬೆಟ್ಟವೇರುವ ಕ್ಯಾಮೆರಾ

ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳದ ಕಡೆಗೆ ಸಾಗುವವನಿಗೆ, ಊರು ಇನ್ನೂ ದೂರವಿರುವಾಗಲೇ, ಬಯಲಿನಂಚಿನಲ್ಲಿ ಬೋಳುಬಂಡೆಯ ದೊಡ್ಡಬೆಟ್ಟವೂ ಅದರ ನೆತ್ತಿಯಲ್ಲಿ ಗೊಮ್ಮಟನ ಶಿರಸ್ಸೂ ಗೋಚರಿಸುತ್ತವೆ. ಗಂಗರ ಮಂತ್ರಿ ಚಾವುಂಡರಾಯನು 981ರ ಸುಮಾರಿಗೆ ಪ್ರತಿಷ್ಠೆ ಮಾಡಿಸಿದ ಆ ಮೂರ್ತಿಯನ್ನು ಕಾಣಲು ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರಬೇಕು. ಇಂದು ಹೀಗೆ ಏರುವವರಲ್ಲಿ ಕೆಲವರು, ನಡುವೆ ಮಾತಾಡದೆ, ಎಲ್ಲಿಯೂ ಕತ್ತರಿಸದೆ, ನಡೆದ ದಾರಿಯನ್ನು ನಡೆದಂತೆಯೇ ಮೊಬೈಲಿನಲ್ಲಿ ಚಿತ್ರೀಕರಿಸಿ ಇತರರಿಗೆ ಕಾಣಿಸಬೇಕೆಂಬ ಉತ್ಸಾಹವುಳ್ಳವರು. ಮೊಣಕಾಲು ಸೋತ ವೃದ್ಧರಿಗೆ, ಹಾಸಿಗೆ ಹಿಡಿದವರಿಗೆ, ಹುಟ್ಟಿದ ಸೀಮೆಯನ್ನು ಬಿಟ್ಟು ಪರದೇಶದಲ್ಲಿ ನೆಲೆಸಿದವರಿಗೆ ಇದರಿಂದಾಗುವ ಉಪಕಾರ ಅಲ್ಪವಾದುದಲ್ಲ. ಆದರೆ ಬಹುಮಟ್ಟಿಗೆ ಆಗುವುದೇನೆಂದರೆ, ಏರುವಾಗ ಕಣ್ಣಿಗೆ ಅಚಲವಾಗಿ ತೋರಿದ ಬಂಡೆ ಪರದೆಯ ಮೇಲೆ ಕುಣಿಯತೊಡಗುತ್ತದೆ. ನೋಡುವವರಿಗೆ ಐದು ನಿಮಿಷದೊಳಗೆ ತಲೆ ತಿರುಗುತ್ತದೆ. ಅದೇ ಬಂಡೆ, ಅದೇ ನಡಿಗೆ, ಅದೇ ಬೆಳಕು. ಹೀಗಿರುವಾಗ ಮನುಷ್ಯನ ಕಣ್ಣಿಗೂ ಯಂತ್ರದ ಕಣ್ಣಿಗೂ ಇಷ್ಟೊಂದು ವ್ಯತ್ಯಾಸವೇಕೆ?

ನಮ್ಮ ನಡಿಗೆ ನಾವು ಭಾವಿಸುವಷ್ಟು ಸಮವಾದುದಲ್ಲ. ಒಂದು ಕಾಲು ನೆಲವನ್ನು ಊರಿದಾಗ ದೇಹವು ಆ ಕಾಲಿನ ಮೇಲೆ ತಲೆಕೆಳಗಾದ ಲೋಲಕದಂತೆ ಕಮಾನಿನಾಕಾರವಾಗಿ ಮೇಲೆದ್ದು, ಇನ್ನೊಂದು ಕಾಲು ಮುಂದೆ ಬಿದ್ದೊಡನೆ ಕೆಳಗಿಳಿಯುತ್ತದೆ. ಸಾಧಾರಣ ವೇಗದಲ್ಲಿ ನಡೆಯುವವನು ಸೆಕೆಂಡಿಗೆ ಸುಮಾರು 2 ಹೆಜ್ಜೆಗಳನ್ನಿಡುವುದರಿಂದ, ಅವನ ತಲೆ ಸೆಕೆಂಡಿಗೆ 2 ಬಾರಿ, 4-5 ಸೆಂಟಿಮೀಟರಿನಷ್ಟು, ಏರಿ ಇಳಿಯುತ್ತಲೇ ಇರುತ್ತದೆ. ಇದರ ಜೊತೆಗೆ ಎಡಬಲಗಳ ಓಲಾಟವುಂಟು. ಹಿಮ್ಮಡಿ ನೆಲಕ್ಕೆ ಬಡಿದಾಗಲೆಲ್ಲ ಎಲುಬುಗಳ ಮೂಲಕ ಮೇಲಕ್ಕೆ ಹಾಯುವ ಸಣ್ಣ ಆಘಾತವುಂಟು. ಇಷ್ಟೆಲ್ಲ ಕಂಪನದ ನಡುವೆಯೂ ನಾವು ನಡೆಯುತ್ತಲೇ ಅಂಗಡಿಯ ಫಲಕವನ್ನು ಓದುತ್ತೇವೆ, ಎದುರಿಗೆ ಬರುವ ಪರಿಚಿತರ ಮುಖವನ್ನು ಗುರುತಿಸುತ್ತೇವೆ.

ಇದರ ಮರ್ಮವಿರುವುದು ಕಣ್ಣಿನಲ್ಲಲ್ಲ, ಕಿವಿಯೊಳಗೆ. ಪ್ರತಿಯೊಂದು ಒಳಗಿವಿಯಲ್ಲಿಯೂ ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿರುವ ಮೂರು ಅರ್ಧವೃತ್ತಾಕಾರದ ನಾಳಗಳಿವೆ; ಅವುಗಳಲ್ಲಿ ದ್ರವ ತುಂಬಿದೆ. ತಲೆ ಯಾವ ದಿಕ್ಕಿಗೆ ತಿರುಗಿದರೂ ಜಡತ್ವದಿಂದ ಆ ದ್ರವ ಹಿಂದುಳಿದು, ಅಲ್ಲಿನ ಸೂಕ್ಷ್ಮ ರೋಮಕೋಶಗಳನ್ನು ಬಾಗಿಸುತ್ತದೆ. ಆ ಸಂದೇಶ ಕೇವಲ ಕೆಲವೇ ನರಕೋಶಗಳನ್ನು ದಾಟಿ ಕಣ್ಣಿನ ಸ್ನಾಯುಗಳನ್ನು ಮುಟ್ಟಿ, ತಲೆ ತಿರುಗಿದುದಕ್ಕೆ ವಿರುದ್ಧವಾಗಿ ಕಣ್ಣನ್ನು ತಿರುಗಿಸುತ್ತದೆ. ಈ ಕಾರ್ಯವೆಲ್ಲ ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟು ಅವಧಿಯಲ್ಲಿ ಮುಗಿದುಹೋಗುತ್ತದೆ. ವಾಚಕರು ಇದನ್ನು ಈಗಲೇ ಪರೀಕ್ಷಿಸಿ ನೋಡಬಹುದು. ಈ ಪುಟವನ್ನು ಸ್ಥಿರವಾಗಿ ಹಿಡಿದು ತಲೆಯನ್ನು ಬೇಗಬೇಗನೆ ಎಡಕ್ಕೂ ಬಲಕ್ಕೂ ಆಡಿಸಿದರೆ ಅಕ್ಷರಗಳನ್ನು ಓದಲು ಅಡ್ಡಿಯಾಗದು. ತಲೆಯನ್ನು ಸ್ಥಿರವಾಗಿಟ್ಟು ಪುಟವನ್ನು ಅಷ್ಟೇ ವೇಗದಲ್ಲಿ ಆಡಿಸಿದರೆ ಅಕ್ಷರಗಳು ಕಲಸಿಹೋಗುತ್ತವೆ. ಮೊದಲನೆಯ ಸಂದರ್ಭದಲ್ಲಿ ದುಡಿಯುವುದು ಕಿವಿಯ ನಾಳಗಳು. ಎರಡನೆಯದರಲ್ಲಿ ಕಣ್ಣು ತಾನೊಂದೇ ಬೆನ್ನಟ್ಟಬೇಕು, ಅದು ಎಚ್ಚೆತ್ತುಕೊಳ್ಳಲು ಸೆಕೆಂಡಿನ ಹತ್ತನೆಯ ಒಂದು ಪಾಲಾದರೂ ಬೇಕು.

ಈ ವ್ಯವಸ್ಥೆಯೇ ಇಲ್ಲದಿದ್ದರೆ ಲೋಕ ಹೇಗೆ ತೋರುತ್ತಿತ್ತು? 1952ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಒಬ್ಬ ವೈದ್ಯರು ಸ್ವಾನುಭವವನ್ನು ಬರೆದರು. ಸ್ಟ್ರೆಪ್ಟೊಮೈಸಿನ್ ಔಷಧದ ದುಷ್ಪರಿಣಾಮದಿಂದ ಅವರ ಒಳಗಿವಿಯ ಸಮತೋಲನೇಂದ್ರಿಯ ನಾಶವಾಗಿತ್ತು. ಓದಬೇಕಾದರೆ ತಲೆ ಅಲುಗದಂತೆ ಆನಿಸಿಕೊಳ್ಳಬೇಕಾಗಿತ್ತು. ನಡೆಯುವಾಗ ಎದುರಿಗೆ ಬಂದವರ ಗುರುತು ಸಿಕ್ಕುತ್ತಿರಲಿಲ್ಲ. ತಮ್ಮ ಅವಸ್ಥೆಯನ್ನು ಓದುಗರಿಗೆ ಮನಗಾಣಿಸಲು ಅವರು ಆರಿಸಿಕೊಂಡ ದೃಷ್ಟಾಂತ ವಿಸ್ಮಯಕರವಾದುದು: ಚಲನಚಿತ್ರದ ಕ್ಯಾಮೆರಾವನ್ನು ಎದೆಗೆ ಅವಚಿಕೊಂಡು ಬೀದಿಯಲ್ಲಿ ನಡೆದು, ಹಾಗೆ ತೆಗೆದ ಚಿತ್ರವನ್ನು ಪರದೆಯ ಮೇಲೆ ನೋಡಿದರೆ ಹೇಗಿರುತ್ತದೆಂಬುದನ್ನು ಊಹಿಸಿಕೊಳ್ಳಿ, ತನ್ನ ಪ್ರಪಂಚ ಹಾಗಿದೆ, ಎಂಬುದು ಅವರ ಮಾತಿನ ತಾತ್ಪರ್ಯ. ನಡೆಯುತ್ತ ಚಿತ್ರ ತೆಗೆಯುವವರ ಕಷ್ಟವನ್ನು ಇದಕ್ಕಿಂತ ನಿಖರವಾಗಿ ಯಾರೂ ಹೇಳಿಲ್ಲವೆಂದು ನನ್ನ ನಂಬಿಕೆ. ಕ್ಯಾಮೆರಾ ಒಳಗಿವಿಯಿಲ್ಲದ ಕಣ್ಣು.

ಯಂತ್ರಕ್ಕೆ ಆ ಕಿವಿಯನ್ನು ಕೊಡುವ ಪ್ರಯತ್ನವೇ ಗಿಂಬಲ್ ಎಂಬ ಸಾಧನ. ಅದರಲ್ಲಿರುವ ಮೂರು ಮೋಟಾರುಗಳು, ಕಿವಿಯ ಮೂರು ನಾಳಗಳಂತೆಯೇ, ಮೂರು ಅಕ್ಷಗಳ ತಿರುಗುವಿಕೆಗೆ ಉತ್ತರ ಕೊಡುತ್ತವೆ. ತಿರುಗುವಿಕೆಯನ್ನು ಅಳೆಯುವುದು ಒಂದು ಸೂಕ್ಷ್ಮ ಗೈರೊಸ್ಕೋಪು: ಕೂದಲೆಳೆಗಿಂತ ಸಣ್ಣ ಅಳತೆಗಳಲ್ಲಿ ಕೊರೆದ ಸಿಲಿಕಾನಿನ ತುಣುಕೊಂದು ಸೆಕೆಂಡಿಗೆ ಸಹಸ್ರಾರು ಬಾರಿ ಕಂಪಿಸುತ್ತಿರುತ್ತದೆ, ಫೋನು ತಿರುಗಿದೊಡನೆ, ಫ್ರಾನ್ಸಿನ ಕೊರಿಯೋಲಿಸ್ 1835ರಲ್ಲಿ ವಿವರಿಸಿದ ಬಲವು ಆ ತುಣುಕನ್ನು ಪಕ್ಕಕ್ಕೆ ತಳ್ಳುತ್ತದೆ, ಆ ಅತ್ಯಲ್ಪ ಸರಿತವನ್ನು ವಿದ್ಯುದ್ಧಾರಕದ ಮೂಲಕ ಅಳೆದು, ಎಷ್ಟು ತಿರುಗಿತೆಂಬುದನ್ನು ಲೆಕ್ಕ ಹಾಕುತ್ತಾರೆ. ಗಿಂಬಲ್ ಇಲ್ಲದವರ ಫೋನಿನಲ್ಲಿ ಇದೇ ಲೆಕ್ಕವನ್ನಾಧರಿಸಿ ಸಾಫ್ಟ್‌ವೇರು ಚಿತ್ರದ ಅಂಚುಗಳನ್ನು ಕತ್ತರಿಸಿ, ಉಳಿದ ಭಾಗವನ್ನು ಅಲುಗಾಟಕ್ಕೆ ವಿರುದ್ಧವಾಗಿ ಸರಿಸಿ ಸ್ಥಿರಗೊಳಿಸುತ್ತದೆ. ಆದುದರಿಂದಲೇ ವಿಶಾಲಕೋನದ ಮಸೂರದಲ್ಲಿ ತೆಗೆದ ಚಿತ್ರ ಈ ಕೆಲಸಕ್ಕೆ ಹೆಚ್ಚು ಒದಗುತ್ತದೆ.

ಆದರೆ ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು, ಏಕೆಂದರೆ ಹಣ ಕೊಟ್ಟು ಗಿಂಬಲ್ ಕೊಂಡವರು ನಿರಾಶರಾಗುವುದು ಇಲ್ಲಿಯೇ. ಈ ಸಾಧನಗಳು ಸರಿಪಡಿಸುವುದು ತಿರುಗುವಿಕೆಯನ್ನು. ಹೆಜ್ಜೆಹೆಜ್ಜೆಗೂ ಕ್ಯಾಮೆರಾ ಇಡಿಯಾಗಿ ಮೇಲೆ ಕೆಳಗೆ ಹೋಗುವುದನ್ನಲ್ಲ. 5 ಸೆಂಟಿಮೀಟರಿನ ಏರಿಳಿತ, 100 ಮೀಟರು ದೂರದ ಬಂಡೆಯ ವಿಷಯದಲ್ಲಿ ಒಂದು ಡಿಗ್ರಿಯ ಮೂವತ್ತನೆಯ ಒಂದು ಪಾಲಿಗಿಂತಲೂ ಕಡಿಮೆ ಕೋನವಾಗುತ್ತದೆ, ಯಾರ ಕಣ್ಣಿಗೂ ಬೀಳದು. 1 ಮೀಟರು ದೂರದ ಕಂಬದ ವಿಷಯದಲ್ಲಿ ಅದೇ ಏರಿಳಿತ 3 ಡಿಗ್ರಿಯಷ್ಟಾಗಿ, ಕಂಬ ಜಿಗಿಯುವಂತೆ ತೋರುತ್ತದೆ. ದೊಡ್ಡಬೆಟ್ಟದ ಬಯಲು ಮೆಟ್ಟಿಲುಗಳಲ್ಲಿ ಸೊಗಸಾಗಿ ಬಂದ ಚಿತ್ರ ದಾರಿಯಲ್ಲಿನ ಅಖಂಡ ಬಾಗಿಲಿನ ಇಕ್ಕಟ್ಟಿನೊಳಗೆ ಹೊಕ್ಕೊಡನೆ ಕೆಡುವುದಕ್ಕೆ ಇದೇ ಕಾರಣ. ಅಮೆರಿಕದ ಗ್ಯಾರೆಟ್ ಬ್ರೌನ್ 1970ರ ದಶಕದಲ್ಲಿ ರೂಪಿಸಿದ ಸ್ಟೆಡಿಕ್ಯಾಮ್ ಈ ಏರಿಳಿತವನ್ನು ಸ್ಪ್ರಿಂಗುಗಳಿಂದ ಕೂಡಿದ ತೋಳಿನಲ್ಲಿ ಹೀರಿಕೊಂಡಿತು. 1976ರ ‘ರಾಕಿ’ ಚಿತ್ರದ ನಾಯಕ ಫಿಲಡೆಲ್ಫಿಯಾದ ಮೆಟ್ಟಿಲುಗಳನ್ನು ಓಡುತ್ತ ಏರುವ ದೃಶ್ಯ ಅದರಿಂದಲೇ ಸಾಧ್ಯವಾಯಿತು. ಅಂತಹ ಭಾರದ ಸಲಕರಣೆಯನ್ನು ಹೊತ್ತು ಬೆಟ್ಟವೇರುವುದು ಯಾತ್ರಿಕನಿಂದಾಗುವ ಕೆಲಸವಲ್ಲ. ಅವನಿಗಿರುವ ಸ್ಪ್ರಿಂಗು ಅವನ ಮೊಣಕಾಲು.

ತುಂಬಿದ ಬಿಂದಿಗೆಯನ್ನು ತುಳುಕಿಸದೆ ಮನೆಗೆ ತರುವ ಹೆಂಗಸಿನ ನಡಿಗೆಯನ್ನು ಗಮನಿಸಿದವರಿಗೆ ಇದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಮೊಣಕಾಲು ಸ್ವಲ್ಪ ಬಾಗಿರುತ್ತದೆ, ಹೆಜ್ಜೆ ಗಿಡ್ಡವಾಗಿರುತ್ತದೆ, ಪಾದ ಹಿಮ್ಮಡಿಯಿಂದ ಬೆರಳಿನವರೆಗೆ ಮೆಲ್ಲನೆ ಉರುಳುತ್ತದೆ, ಸೊಂಟದ ಮೇಲಿನ ದೇಹ ಬಹುಮಟ್ಟಿಗೆ ನಿಶ್ಚಲ. ಕ್ಯಾಮೆರಾವನ್ನು ಎರಡೂ ಕೈಗಳಲ್ಲಿ ಹಿಡಿದು, ಮೊಣಕೈಗಳನ್ನು ಪಕ್ಕೆಗೆ ಆನಿಸದೆ ಸಡಿಲವಾಗಿಟ್ಟು, ಹೀಗೆ ನಡೆದರೆ ಲೋಲಕದ ಕಮಾನು ಚಪ್ಪಟೆಯಾಗುತ್ತದೆ. ಬರಿಗಾಲಿನ ನಿಯಮ ಇಲ್ಲಿ ಅನುಕೂಲವೇ ಆಗಿದೆ, ಬರಿಗಾಲು ತಾನಾಗಿಯೇ ಗಿಡ್ಡ ಹೆಜ್ಜೆಯಿಡುತ್ತದೆ, ನೆಲವನ್ನು ತಡವಿ ತುಳಿಯುತ್ತದೆ. ಮೆಟ್ಟಿಲಿನಲ್ಲಿ ಮುಂಗಾಲನ್ನು ಮೊದಲು ಇಟ್ಟು ಭಾರವನ್ನು ನಿಧಾನವಾಗಿ ವರ್ಗಾಯಿಸಬೇಕು. ಮಸೂರದ ದೃಷ್ಟಿಯನ್ನು ಕಾಲಬುಡದ ಮೆಟ್ಟಿಲಿನ ಮೇಲಿಡದೆ ಮುಂದಿನ ತಿರುವಿನ ಕಡೆಗೆ ಇಡಬೇಕು. ಬಿಸಿಲೇರಿದ ಮೇಲೆ ಕಾದ ಬಂಡೆಯ ಮೇಲೆ ಈ ನಡಿಗೆ ಅಸಾಧ್ಯ, ಅಂಗಾಲು ಸುಡುವಾಗ ಯಾರ ಹೆಜ್ಜೆಯೂ ಹದದಲ್ಲಿರದು. ಇಳಿಯುವಾಗ ಪರದೆಯನ್ನು ನೋಡದೆ ಮೆಟ್ಟಿಲನ್ನೇ ನೋಡಬೇಕೆಂಬುದು ಚಿತ್ರದ ಹಿತಕ್ಕಾಗಿ ಹೇಳುವ ಮಾತಲ್ಲ, ಪ್ರಾಣದ ಹಿತಕ್ಕಾಗಿ.

ಮುಂಜಾನೆಯನ್ನು ಆರಿಸಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಉಂಟು. ಸುಮಾರು 58 ಅಡಿಯ ಗೊಮ್ಮಟಮೂರ್ತಿ ಉತ್ತರಾಭಿಮುಖವಾಗಿ ನಿಂತಿದೆ. ಶ್ರವಣಬೆಳಗೊಳವಿರುವುದು ಸುಮಾರು 12.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಾದುದರಿಂದ, ಏಪ್ರಿಲ್ ತಿಂಗಳ ಕೊನೆಯಿಂದ ಆಗಸ್ಟ್ ತಿಂಗಳ ಮಧ್ಯದವರೆಗಿನ ಅವಧಿಯನ್ನು ಬಿಟ್ಟರೆ, ಮಧ್ಯಾಹ್ನದ ಸೂರ್ಯ ಇಲ್ಲಿ ದಕ್ಷಿಣದಲ್ಲಿಯೇ ಇರುತ್ತಾನೆ, ಅಂದರೆ ಮೂರ್ತಿಯ ಬೆನ್ನಿಗೆ. ಯಾತ್ರಿಕರು ಹೆಚ್ಚಾಗಿ ಬರುವ ಡಿಸೆಂಬರ್ ತಿಂಗಳಲ್ಲಂತೂ ಮೂರ್ತಿಯ ಮುಖವನ್ನು ನೋಡುವವನ ಮಸೂರಕ್ಕೆ ಬಿಸಿಲು ನೇರವಾಗಿ ಹೊಡೆದು, ಆ ಮಂದಸ್ಮಿತ ನೆರಳಿನಲ್ಲಿ ಅಳಿಸಿಹೋಗುತ್ತದೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಮೂರನೆಯ ವಾರದವರೆಗೆ ಸೂರ್ಯ ಪೂರ್ವದಿಂದ ತುಸು ಉತ್ತರಕ್ಕೆ ಸರಿದು ಉದಯಿಸುತ್ತಾನೆ. ಆಗಿನ ಎಳೆಬಿಸಿಲು ಮೂರ್ತಿಯ ಬಲಗೆನ್ನೆಯನ್ನು ಓರೆಯಾಗಿ ಸವರಿ, ತುಟಿಯ ಅಂಚು, ಗುಂಗುರು ಕೂದಲು, ತೊಡೆತೋಳುಗಳನ್ನು ಹಬ್ಬಿದ ಬಳ್ಳಿ ಇವೆಲ್ಲವನ್ನೂ ಎತ್ತಿ ತೋರಿಸುತ್ತದೆ. ಪ್ರಖರ ಬಿಸಿಲಿನಲ್ಲಿ ಕ್ಯಾಮೆರಾದ ಷಟರು ಸೆಕೆಂಡಿನ ಸಾವಿರಾರನೆಯ ಪಾಲಿನಷ್ಟೇ ತೆರೆದು ಮುಚ್ಚುವುದರಿಂದ ಚಲನೆ ತುಂಡುತುಂಡಾಗಿ ತೋರುವುದೂ ಉಂಟು. ಸೆಕೆಂಡಿಗೆ 25 ಚಿತ್ರಗಳಾದರೆ ಷಟರಿನ ಅವಧಿ ಐವತ್ತನೆಯ ಒಂದು ಪಾಲಿನಷ್ಟಿರಬೇಕೆಂಬ ಚಲನಚಿತ್ರದವರ ಪದ್ಧತಿಯನ್ನು ಪಾಲಿಸಲು ಮಸೂರಕ್ಕೆ ಬೆಳಕನ್ನು ತಗ್ಗಿಸುವ ಬೂದುಬಣ್ಣದ ಎನ್‌ಡಿ ಫಿಲ್ಟರನ್ನು ತೊಡಿಸುತ್ತಾರೆ.

ಇದೇ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಸಮಸ್ಯೆಯೇ ಬೇರೆ. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ಸುತ್ತಲೂ ಜಗತಿಯೆಂಬ ಕಟ್ಟೆಯ ಮೇಲೆ ನಡೆದರೆ, ದಕ್ಷಿಣದಲ್ಲಿ ಶಿಲ್ಪಿ ಬೈಚೋಜನ ಕೈಗೆಲಸ, ಉತ್ತರಕ್ಕೆ ಬರುವಷ್ಟರಲ್ಲಿ ಮಲ್ಲಿತಮ್ಮನದು. ಬಳಪದ ಕಲ್ಲಿನ ಈ ಸೂಕ್ಷ್ಮಗಳನ್ನು ತೋರಿಸಬೇಕೆಂಬ ಆತುರದಲ್ಲಿ ಗೋಡೆಗೆ ನೇರವಾಗಿ ಕ್ಯಾಮೆರಾವನ್ನು ತಿರುಗಿಸಿ ನಡೆಯುವುದೇ ಸಾಮಾನ್ಯ ದೋಷ. ಅಮೆರಿಕದ ಮನಶ್ಶಾಸ್ತ್ರಜ್ಞ ಗಿಬ್ಸನ್ 1950ರಲ್ಲಿ ವಿಶದಪಡಿಸಿದಂತೆ, ನಡೆಯುವವನ ಸುತ್ತಲಿನ ದೃಶ್ಯವೆಲ್ಲ ಪ್ರವಾಹದಂತೆ ಹಿಂದಕ್ಕೆ ಹರಿಯುತ್ತದೆ; ಹೋಗುತ್ತಿರುವ ದಿಕ್ಕಿನಲ್ಲಿ ಆ ಪ್ರವಾಹ ಶೂನ್ಯ, ಪಕ್ಕದಲ್ಲಿ ಪರಮಾವಧಿ. ಸೆಕೆಂಡಿಗೆ 1 ಮೀಟರಿನಂತೆ, ಒಂದೂವರೆ ಮೀಟರು ದೂರದ ಗೋಡೆಯ ಪಕ್ಕದಲ್ಲಿ ನಡೆದರೆ, ಶಿಲ್ಪಗಳು ಸೆಕೆಂಡಿಗೆ 38 ಡಿಗ್ರಿಯಷ್ಟು ವೇಗವಾಗಿ ಮಸೂರದ ಮುಂದೆ ಹಾಯುತ್ತವೆ. ಉಳಿಯುವುದು ಬರಿಯ ಮಸುಕು. ಕ್ಯಾಮೆರಾವನ್ನು ಮುಂದಕ್ಕೆ ಓರೆಯಾಗಿ ಹಿಡಿದು, ಅರ್ಧ ವೇಗದಲ್ಲಿ ನಡೆದು, ತೋರಿಸತಕ್ಕ ಶಿಲ್ಪದ ಮುಂದೆ ನಿಂತುಬಿಡುವುದು ಉತ್ತಮ. ನಿಲ್ಲುವುದೂ ನಡಿಗೆಯ ಒಂದು ಅಂಗವೇ.

ಒಳಗೆ ಹೊಕ್ಕರೆ ಕತ್ತಲು. ಹೊರಗಿನ ಬಿಸಿಲು ಒಂದು ಲಕ್ಷ ಲಕ್ಸಿನಷ್ಟಾದರೆ, ನವರಂಗವೆಂಬ ಒಳಮಂಟಪದಲ್ಲಿ ಅದರ ಸಾವಿರದ ಒಂದು ಪಾಲೂ ಇರದು. ಕಣ್ಣು ಕತ್ತಲೆಗೆ ಪೂರ್ಣವಾಗಿ ಹೊಂದಿಕೊಳ್ಳಲು ಅರ್ಧ ಗಂಟೆ ತೆಗೆದುಕೊಂಡರೂ ಆ ಬದಲಾವಣೆ ನಮಗೆ ತಿಳಿಯದಂತೆ ನಡೆಯುತ್ತದೆ. ಕ್ಯಾಮೆರಾ ಒಂದೆರಡು ಕ್ಷಣದಲ್ಲಿಯೇ ಹೊಂದಿಕೊಂಡರೂ ಬೆಳಕಿನ ಆ ನೆಗೆತ ಎಲ್ಲರಿಗೂ ಕಾಣುತ್ತದೆ. ಹೊಸ್ತಿಲಿನಲ್ಲಿ ನಾಲ್ಕಾರು ಕ್ಷಣ ತಡೆದು ಒಳಹೋದರೆ ಈ ನೆಗೆತ ಮೆತ್ತಗಾಗುತ್ತದೆ. ದೇಗುಲದ ವಿದ್ಯುದ್ದೀಪಗಳು ನಮ್ಮ ದೇಶದ 50 ಹರ್ಟ್ಸ್ ವಿದ್ಯುತ್ತಿನಿಂದ ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ, ಷಟರನ್ನು ಐವತ್ತನೆಯ ಅಥವಾ ನೂರನೆಯ ಒಂದು ಪಾಲಿಗೆ ನಿಲ್ಲಿಸಿದರೆ ಚಿತ್ರದಲ್ಲಿ ಪಟ್ಟೆಗಳು ಹರಿಯುವುದು ತಪ್ಪುತ್ತದೆ.

ನೋಡುವವರ ದೇಹವನ್ನೂ ನೆನೆಯಬೇಕು. ಕುರ್ಚಿಯಲ್ಲಿ ಕುಳಿತವನ ಕಣ್ಣು ತಾನು ನಡೆಯುತ್ತಿದ್ದೇನೆನ್ನುತ್ತದೆ, ಕಿವಿ ಇಲ್ಲವೆನ್ನುತ್ತದೆ. ಈ ವಿರೋಧವೇ ವಾಕರಿಕೆಗೆ ಮೂಲ. ದೇಹವನ್ನೇ ತೂಗಾಡಿಸಿ ನಡೆಸಿದ ಪ್ರಯೋಗಗಳಲ್ಲಿ 5 ಸೆಕೆಂಡಿಗೊಮ್ಮೆ ಆಗುವ ನಿಧಾನವಾದ ತೂಗಾಟವೇ ಅತ್ಯಂತ ಬಾಧಕವೆಂದು ಕಂಡುಬಂದಿದೆ. ಆದುದರಿಂದ ಕ್ಯಾಮೆರಾವನ್ನು ಪದೇಪದೇ ಎಡಬಲಕ್ಕೆ ತಿರುಗಿಸುವ ಚಪಲವನ್ನು ಬಿಡತಕ್ಕದ್ದು.

ಧ್ವನಿಯ ವಿಷಯದಲ್ಲಿ ನನ್ನ ಅಭಿಪ್ರಾಯ ದೃಢವಾದುದು: ಇಂತಹ ಚಿತ್ರದ ಮೇಲೆ ಸಿನಿಮಾ ಸಂಗೀತವನ್ನು ಹೊದಿಸುವುದು ಅನ್ಯಾಯ. ಒಂದು ಕಿವಿಗಿಂತ ಇನ್ನೊಂದಕ್ಕೆ ಶಬ್ದ ತಲಪುವಲ್ಲಿ ಹೆಚ್ಚೆಂದರೆ ಸೆಕೆಂಡಿನ ಹತ್ತುಸಾವಿರದ ಆರೇಳು ಪಾಲಿನಷ್ಟು ವ್ಯತ್ಯಾಸವಾಗುತ್ತದೆ. ಅಷ್ಟರಿಂದಲೇ ಮಿದುಳು ದಿಕ್ಕನ್ನು ಗ್ರಹಿಸುತ್ತದೆ. ಎರಡು ಮೈಕುಗಳನ್ನು ಕಿವಿಗಳ ಬಳಿಯೇ ಇಟ್ಟು ಧ್ವನಿಮುದ್ರಿಸಿದರೆ, ಬೆಟ್ಟದ ಬುಡದ ಕಲ್ಯಾಣಿಯ ಗದ್ದಲ ಕೆಳಗೆ ಉಳಿದು, ಡೋಲಿ ಹೊತ್ತವರ ಉಸಿರು ಪಕ್ಕದಲ್ಲಿ ಹಾದುಹೋಗುವುದು ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಬೆಟ್ಟದ ಮೇಲಿನ ಗಾಳಿಗೆ ಮೈಕಿನ ಮೇಲೆ ತುಪ್ಪಟದ ಹೊದಿಕೆ ಬೇಕೇಬೇಕು.

ರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಹೂಡಲೂ ಡ್ರೋನ್ ಹಾರಿಸಲೂ ಅನುಮತಿ ಬೇಕು. ಗರ್ಭಗೃಹದ ಮುಂದೆ ಅರ್ಚಕರನ್ನು ಕೇಳದೆ ಕ್ಯಾಮೆರಾ ಎತ್ತಕೂಡದು. ಪೂಜೆಯಲ್ಲಿರುವವರ ಮುಖಗಳನ್ನು ಬಿಡುವುದು ಮರ್ಯಾದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು, ಅಲ್ಲಿಗೆ ಬರುವ ಕ್ಯಾಮೆರಾಗಳಿಗೆ ಕೊರತೆಯಿಲ್ಲ. ನುಗ್ಗೇಹಳ್ಳಿ ಆ ಪಟ್ಟಿಯಲ್ಲಿಲ್ಲ. ಚನ್ನರಾಯಪಟ್ಟಣದ ತರುಣ ತರುಣಿಯರು ಒಂದು ಬೆಳಗಿನ ಹೊತ್ತು ಅಲ್ಲಿಗೆ ಹೋಗಿ, ಮೊಣಕಾಲು ಬಾಗಿಸಿ, ಅವಸರಪಡದೆ, ಜಗತಿಯನ್ನು ಒಂದು ಸುತ್ತು ಬಂದು, ಆ ಚಿತ್ರವನ್ನು ಮೊದಲು ತಮ್ಮ ಮನೆಯ ಅಜ್ಜಿ ತಾತಂದಿರಿಗೆ ತೋರಿಸಲಿ.