ಹೆಸರಿನ ಬೇರು, ರಕ್ತದ ಬೇರು

ಟಿ. ದಾಸರಹಳ್ಳಿಯ ನಮ್ಮ ವಿಶ್ವಾಸಿ ಕುಟುಂಬಗಳಲ್ಲಿ ಎರಡು ಬಗೆಯ ಹೆಸರುಗಳಿವೆ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಮೆಯನ್ನರಸಿ ಕರಾವಳಿಯಿಂದ ಬಂದವರು ಡಿಸೋಜ, ಪಿಂಟೊ, ಲೋಬೊ ಎಂಬ ಅಡ್ಡಹೆಸರುಗಳನ್ನು ಹೊತ್ತವರು. ಹಳೆಯ ಮೈಸೂರು ಸೀಮೆಯ ಕನ್ನಡ ಕುಟುಂಬಗಳಲ್ಲಾದರೋ ಅಡ್ಡಹೆಸರೆಂಬುದೇ ವಿರಳ. ಸಂತ ಕ್ಸೇವಿಯರರಿಂದ ಚೌರಪ್ಪ, ಸಂತ ಇಗ್ನಾಸಿಯವರಿಂದ ಇನ್ನಾಸಪ್ಪ, ಸಂತ ಪೇತ್ರರಿಂದ ರಾಯಪ್ಪ. ಅದರ ಮುಂದೆ ತಂದೆಯ ಹೆಸರಿನದೋ ಊರಿನದೋ ಒಂದಕ್ಷರ, ಅಷ್ಟೆ.

ಈ ಎರಡು ಬಗೆಯ ಮನೆಗಳ ನಡುವೆ ಈಚೆಗೆ ವಿವಾಹದ ಮಾತುಕತೆಯೊಂದು ನಡೆದಿತ್ತು. ಒಂದು ಸಂಜೆ ವರನ ಅಜ್ಜ ಕಾಗದವೊಂದನ್ನು ಹಿಡಿದು ನಮ್ಮಲ್ಲಿಗೆ ಬಂದರು. ಮೊಮ್ಮಗನು ತನ್ನ ಉಗುಳಿನ ಮಾದರಿಯನ್ನು ಕಳುಹಿಸಿ ತರಿಸಿಕೊಂಡ ಡಿಎನ್‌ಎ ವರದಿ ಅದು. ತಮ್ಮ ಪೂರ್ವಜರಲ್ಲಿ ಪೋರ್ಚುಗೀಸರಿದ್ದರೆಂದು ಬಾಲ್ಯದಿಂದ ನಂಬಿದ್ದ ಅವರಿಗೆ ವರದಿಯಲ್ಲಿ ಯುರೋಪಿನ ಸುಳಿವೇ ಕಾಣದೆ ನಿರಾಸೆಯಾಗಿತ್ತು. ಮರುಗಳಿಗೆಯಲ್ಲೇ ಸಾವರಿಸಿಕೊಂಡು, "ಹಾಗಾದರೆ ನಾವು ಸಾರಸ್ವತರೇ ಇರಬೇಕು, ಫಾದರ್. ಹುಡುಗಿಯ ಕಡೆಯವರೂ ಒಮ್ಮೆ ಪರೀಕ್ಷೆ ಮಾಡಿಸಲಿ. ಅವರ ಕುಲ ಯಾವುದೆಂದು ತಿಳಿಯಲಿ" ಎಂದರು. ಒಂದು ಹೆಮ್ಮೆ ಹೋದ ಜಾಗಕ್ಕೆ ಇನ್ನೊಂದು ಎಷ್ಟು ಬೇಗ ಬಂದು ಕುಳಿತಿತೆಂದು ನಾವು ಬೆರಗಾದೆವು.

ಹೆಸರಿನ ಕಥೆಯನ್ನು ಮೊದಲು ನೋಡೋಣ. 1510ರಲ್ಲಿ ಗೋವಾ ಪೋರ್ಚುಗೀಸರ ವಶವಾದ ಬಳಿಕ ದೀಕ್ಷಾಸ್ನಾನ ಪಡೆದವರಿಗೆ ಧರ್ಮಪಿತನ ಅಥವಾ ದೀಕ್ಷೆಯಿತ್ತ ಗುರುವಿನ ಅಡ್ಡಹೆಸರನ್ನು ಕೊಡುವುದು ವಾಡಿಕೆಯಾಯಿತು. ಆದುದರಿಂದ ಒಂದೇ ಮನೆತನದ ಕವಲುಗಳು ಬೇರೆ ಬೇರೆ ಹೆಸರು ಪಡೆದದ್ದುಂಟು. ಸಂಬಂಧವೇ ಇಲ್ಲದ ಮನೆಗಳು ಒಂದೇ ಹೆಸರು ಹೊತ್ತದ್ದೂ ಉಂಟು. ಆ ಜನ ಗೋವೆಯಿಂದ ಕೆನರಾಕ್ಕೆ ವಲಸೆ ಬಂದಾಗ ಹೆಸರುಗಳೂ ಜೊತೆಗೆ ಬಂದವು. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದಾಗ ಅನೇಕ ದೇವಾಲಯಗಳು ನೆಲಸಮವಾದವು. ಸೆರೆ ಬಿಡುಗಡೆಯಾದದ್ದು 1799ರಲ್ಲಿ. ಹೀಗೆ ಕಡಿದುಹೋದ ನೆನಪಿನ ಎಳೆಯನ್ನು ಮತ್ತೆ ಹಿಡಿಯಬೇಕೆಂಬ ಹಂಬಲ ಸಹಜವಾದುದು. ಅದನ್ನು ನಾವು ಹಳಿಯಲಾರೆವು.

ವಿಜ್ಞಾನಿಗಳೂ ಈ ಎಳೆಯನ್ನು ಅರಸಿದ್ದಾರೆ. ಹೈದರಾಬಾದಿನ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರ ಹಾಗೂ ಲಖನೌದ ಬೀರಬಲ್ ಸಾಹನಿ ಸಂಸ್ಥೆಯ ಸಂಶೋಧಕರು ಗೋವಾ, ಕುಮಟಾ ಮತ್ತು ಮಂಗಳೂರಿನ 110 ಮಂದಿ ಕಥೋಲಿಕರ ಡಿಎನ್‌ಎಯನ್ನು ಪರಿಶೀಲಿಸಿ 2021ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಬಹುಪಾಲು ಜನರು ಗೌಡ ಸಾರಸ್ವತ ಸಮುದಾಯದ ಪ್ರಾಚೀನ ಶಾಖೆಯೊಂದಕ್ಕೆ ಹತ್ತಿರದವರೆಂದು ಅವರು ಕಂಡುಕೊಂಡರು. ಅಜ್ಜನವರ ಮಾತಿಗೆ ಆಧಾರ ಇದೇ. ಆದರೆ ಅದು ಒಂದು ಜನಸಮೂಹದ ಇತಿಹಾಸವೇ ಹೊರತು ಯಾವೊಂದು ಮನೆಯ ಜಾತಿ ಪ್ರಮಾಣಪತ್ರವಲ್ಲ. ಹಲವು ಜಾತಿಗಳಿಂದ ಬಂದವರು ಕೂಡಿಯೇ ಕರಾವಳಿಯ ನಮ್ಮ ಸಮುದಾಯವಾಗಿದೆ.

ಪರೀಕ್ಷೆಗೂ ತನ್ನದೇ ಮಿತಿಗಳಿವೆ. ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಸಾಗುತ್ತದೆ. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ವಂಶವೃಕ್ಷದಲ್ಲಿ ಪೂರ್ವಜರ ಸ್ಥಾನಗಳು 1,024. ಗಂಡುಮಗ ಹೆಮ್ಮೆಪಡುವ ವೈ ವರ್ಣತಂತು ಆ 1,024ರಲ್ಲಿ ಒಬ್ಬರಿಂದ ಬಂದದ್ದು. ಉಳಿದ 1,023 ಮಂದಿಯ ವಿಷಯದಲ್ಲಿ ಅದು ಮೌನಿ. ಇನ್ನು ವರದಿಯಲ್ಲಿ ಕಾಣುವ ಶೇಕಡಾ ಲೆಕ್ಕ, ಸಂಸ್ಥೆಯು ತನ್ನಲ್ಲಿರುವ ಮಾದರಿಗಳೊಡನೆ ಹೋಲಿಸಿ ಹೇಳುವ ಅಂದಾಜು ಮಾತ್ರ.

ಒಬ್ಬನ ಉಗುಳಿನಲ್ಲಿ ಅವನ ಒಡಹುಟ್ಟಿದವರ, ಮಕ್ಕಳ ಗುಟ್ಟೂ ಅಡಗಿರುತ್ತದೆ ಎಂಬುದನ್ನೂ ಮರೆಯಬಾರದು. ಅಮೆರಿಕದ 23ಆಂಡ್‌ಮಿ ಸಂಸ್ಥೆಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಕಳ್ಳರ ಪಾಲಾಯಿತು. 2025ರ ಮಾರ್ಚಿನಲ್ಲಿ ಆ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿತು. ದತ್ತು ಪಡೆದ ಮಗುವಿನ ಸಂಗತಿ ತಂದೆತಾಯಿಯರ ಬಾಯಿಂದ ತಿಳಿಯುವ ಮೊದಲು ಕಾಗದದಿಂದ ತಿಳಿದರೆ ಆ ಮನೆಯ ಗತಿಯೇನು?

ಧರ್ಮಸಭೆಯೂ ವಿವಾಹಕ್ಕೆ ಮುನ್ನ ರಕ್ತದ ಪ್ರಶ್ನೆಯನ್ನು ಕೇಳುತ್ತದೆ. ಸೋದರಮಾವ, ಅತ್ತೆಯ ಮಗ, ಮಾವನ ಮಗಳು ಇಂತಹ ಹತ್ತಿರದ ಸಂಬಂಧವಿದ್ದರೆ ಅದು ಅಡ್ಡಿಯಾಗುವುದರಿಂದ ದಾಖಲೆ ಪುಸ್ತಕಗಳನ್ನು ನೋಡುತ್ತೇವೆ, ಹಿರಿಯರನ್ನು ವಿಚಾರಿಸುತ್ತೇವೆ. ಇಬ್ಬರೂ ತೀರ ಸಮೀಪದವರೇ ಎಂಬುದಷ್ಟೇ ಅಲ್ಲಿಯ ಪ್ರಶ್ನೆ. ಮೇಲಿನವರೇ ಕೆಳಗಿನವರೇ ಎಂದು ಕೇಳುವ ಅಂಕಣ ಆ ವಿಚಾರಣೆಯಲ್ಲಿ ಇಲ್ಲ.

ಅಜ್ಜನವರ ಮುಂದೆ ನಾವು ಸಂತ ಮತ್ತಾಯರ ಶುಭಸಂದೇಶದ ಮೊದಲ ಪುಟವನ್ನು ತೆರೆದಿಟ್ಟೆವು. ಅಲ್ಲಿ ಪ್ರಭುವಿನ ವಂಶಾವಳಿಯಿದೆ. ಅನ್ಯಜನಾಂಗದ ರೂತಳು ಅದರಲ್ಲಿದ್ದಾಳೆ. ಯೆರಿಕೋವಿನ ವೇಶ್ಯೆ ರಾಹಾಬಳೂ ಇದ್ದಾಳೆ. ದಾವೀದನಿಂದ ಇಳಿದುಬಂದ ಆ ಸರಪಳಿ ಕೊನೆಗೆ ಸೇರುವುದು ಸಂತ ಜೋಸೆಫರನ್ನು. ಅವರು ಬಾಲಯೇಸುವಿಗೆ ರಕ್ತದಿಂದ ತಂದೆಯಲ್ಲ. ಮಗುವಿಗೆ ಹೆಸರಿಟ್ಟು, ಬಡಗಿ ಕೆಲಸ ಮಾಡಿ ಸಾಕಿದ್ದರಿಂದ ತಂದೆ. ಇಂದಿನ ಪರೀಕ್ಷೆಯ ಮುಂದೆ ಆ ವಂಶಾವಳಿ ನಿಲ್ಲಲಾರದು. ಆದರೂ ಅದೇ ನಮ್ಮ ರಕ್ಷಣೆಯ ವಂಶಾವಳಿ.

"ನಿಮ್ಮ ಪೂರ್ವಜರಿಗೆ ಈ ಹೆಸರನ್ನು ಕೊಟ್ಟವರು ಅವರ ಕುಲ ಕೇಳಿದ್ದರೇ?" ಎಂದು ವಿಚಾರಿಸಿದೆವು. ಅಜ್ಜನವರು ಬಹಳ ಹೊತ್ತು ಸುಮ್ಮನಿದ್ದು, ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಮುಂದಿನ ವಾರ ಅವರೇ ಹುಡುಗಿಯ ತಂದೆಯನ್ನು ಜೊತೆಗೆ ಕರೆತಂದು ವಿವಾಹ ಪ್ರಕಟಣೆಗೆ ಹೆಸರು ಬರೆಸಿದರು.

ವಂಶದ ಕುತೂಹಲವಿರುವ ಕುಟುಂಬಗಳಿಗೆ ನಮ್ಮದೊಂದು ಸಲಹೆ. ಈ ಭಾನುವಾರ ಪೂಜೆಯ ನಂತರ ಮನೆಯ ಅಜ್ಜಿಯ ಬಳಿ ಕುಳಿತು, ಅವರ ತಾಯಿಯ ಊರು, ಧರ್ಮಮಾತೆಯ ಹೆಸರು, ನಗರಕ್ಕೆ ಬಂದ ವರ್ಷಗಳನ್ನು ಬರೆದಿಡಿ. ಪ್ರಯೋಗಾಲಯ ನಾಳೆಯೂ ಇರುತ್ತದೆ. ಅಜ್ಜಿಯ ನೆನಪು ನಾಳೆಗೆ ಕಾಯದೇ ಇರಬಹುದು.